‘ಊಟ ಆಯ್ತು’ ಎಂಬ ಉತ್ತರದ ಹಿಂದೆ

ಹಾಸ್ಟೆಲಿನಲ್ಲಿರುವ ಮಕ್ಕಳ ಕೈಯಿಂದ ಫೋನು ಬಿಡಿಸಿದರೆ ಊಟ, ನಿದ್ದೆ, ಮನಸ್ಸು ಎಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಮ್ಮ ಬಳಗದ ಹಿರಿಯರೊಬ್ಬರು ಹೇಳಿದ್ದಾರೆ. ಅವರ ಮೇಲಿನ ಗೌರವ ಹಾಗೆಯೇ ಇದ್ದರೂ ಆ ಮಾತನ್ನು ನಾನು ಒಪ್ಪಲಾರೆ. ಇಲ್ಲಿ ಅಮೆರಿಕದಲ್ಲಿ ಮಗಳು ಕಾಲೇಜು ಸೇರಿದ ಮೊದಲ ಸೆಮಿಸ್ಟರ್ ಪೂರ್ತಿ ನಾವು ದಿನವೂ ‘ಊಟ ಆಯ್ತಾ?’ ಎಂದು ಕೇಳುತ್ತಿದ್ದೆವು. ಅವಳು ‘ಆಯ್ತು’ ಎನ್ನುತ್ತಿದ್ದಳು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಬಂದವಳು ಸಾರನ್ನವನ್ನು ಕಲಸಿ ಕಲಸಿ ಹಾಗೇ ಬಿಟ್ಟೇಳುವುದನ್ನೂ, ನಡುರಾತ್ರಿ ಫೋನು ನೋಡುತ್ತ ಚಿಪ್ಸ್ ಪೊಟ್ಟಣಗಳನ್ನು ಒಂದರ ಮೇಲೊಂದು ಖಾಲಿ ಮಾಡುವುದನ್ನೂ ಕಂಡ ಮೇಲಷ್ಟೇ ನಮಗೆ ಎಚ್ಚರವಾಯಿತು.

ಕುಗ್ಗಿದ ಮನಸ್ಸು, ಫೋನು, ಕೆಟ್ಟ ಊಟ ಇವುಗಳಲ್ಲಿ ಯಾವುದು ಮೊದಲು, ಯಾವುದು ನಂತರ ಎಂದು ಗೆರೆ ಎಳೆಯಲಾಗದು. ಮನಸ್ಸು ಕುಗ್ಗಿದವರು ಒಂಟಿತನ ಮರೆಯಲು ಜಾಲತಾಣ ತೆರೆಯುತ್ತಾರೆ. ನಿದ್ದೆ ಕೆಡುತ್ತದೆ, ಬೆಳಗಿನ ತಿಂಡಿ ತಪ್ಪುತ್ತದೆ. ತಿದ್ದಿ ತೀಡಿದ ಚಿತ್ರಗಳ ಮೈಕಟ್ಟಿಗೆ ತಮ್ಮ ಮೈಯನ್ನು ಹೋಲಿಸಿಕೊಂಡು ಉಪವಾಸ ಬೀಳುತ್ತಾರೆ, ತಡೆಯಲಾರದೆ ಒಮ್ಮೆಲೇ ವಿಪರೀತ ತಿನ್ನುತ್ತಾರೆ, ತಿಂದದ್ದಕ್ಕೆ ನಾಚಿ ಮತ್ತಷ್ಟು ಕುಗ್ಗುತ್ತಾರೆ. ಅಮೆರಿಕದ ಸರ್ಜನ್ ಜನರಲ್ (ಜನರ ಆರೋಗ್ಯದ ಬಗ್ಗೆ ಸಲಹೆ ನೀಡುವ ಸರ್ಕಾರದ ಮುಖ್ಯ ವೈದ್ಯ) ಆಗಿದ್ದ, ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರವು, ದಿನಕ್ಕೆ 3 ಗಂಟೆಗಿಂತ ಹೆಚ್ಚು ಕಾಲ ಸಾಮಾಜಿಕ ಜಾಲತಾಣಗಳಲ್ಲಿ ಕಳೆಯುವ ಹದಿಹರೆಯದವರಲ್ಲಿ ಖಿನ್ನತೆ ಮತ್ತು ಆತಂಕದ ಲಕ್ಷಣಗಳ ಅಪಾಯ ಇಮ್ಮಡಿಯಾಗುತ್ತದೆ ಎಂದಿತ್ತು. 13ರಿಂದ 17 ವರ್ಷದವರಲ್ಲಿ ಶೇ. 46ರಷ್ಟು ಮಂದಿ, ಜಾಲತಾಣಗಳಿಂದ ತಮ್ಮ ದೇಹದ ಬಗ್ಗೆ ಬೇಸರ ಹೆಚ್ಚುತ್ತದೆ ಎಂದು ಹೇಳಿಕೊಂಡದ್ದೂ ಅದರಲ್ಲಿದೆ.

ಆದರೆ ದೋಷವನ್ನೆಲ್ಲ ಫೋನಿನ ತಲೆಗೆ ಕಟ್ಟುವಂತಿಲ್ಲ. ವೀಡಿಯೊ ಕರೆಯಲ್ಲಿ ‘ಅಯ್ಯೋ, ಎಷ್ಟು ದಪ್ಪ ಆಗಿದ್ದೀಯೇ’ ಎನ್ನುವವರು ನಮ್ಮ ಬಂಧುಗಳೇ. ‘ಇವತ್ತು ಏಕಾದಶಿ’ ಎಂದು ಮಗಳು ತಟ್ಟೆ ಸರಿಸಿದಾಗ, ಇಲ್ಲಿ ಹುಟ್ಟಿಯೂ ಸಂಪ್ರದಾಯ ಬಿಟ್ಟಿಲ್ಲವೆಂದು ಹಿಗ್ಗಿದವರೂ ನಾವೇ. ಗಂಡುಮಕ್ಕಳ ವಿಷಯದಲ್ಲಿ ಇದೇ ತೊಂದರೆ ಜಿಮ್, ಪ್ರೋಟೀನ್ ಪುಡಿಗಳ ವೇಷದಲ್ಲಿ ಬರುವುದರಿಂದ ಅದನ್ನು ಯಾರೂ ಕಾಯಿಲೆಯೆಂದು ಎಣಿಸುವುದೇ ಇಲ್ಲ.

ಮಕ್ಕಳಿಗೆ 18 ತುಂಬಿದ ಮೇಲೆ ಇಲ್ಲಿಯ ವೈದ್ಯರು ಅವರ ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ನಮಗೇನೂ ತಿಳಿಸುವುದಿಲ್ಲ. ಜಗಳವಾಡಿ ಫೋನು ಕಸಿದುಕೊಂಡಿದ್ದರೆ ಆ ಒಪ್ಪಿಗೆ ನಮಗೆ ದೊರೆಯುತ್ತಿತ್ತೆಂದು ನನಗನಿಸುವುದಿಲ್ಲ. ಕಾಲೇಜಿನ ಆಪ್ತಸಮಾಲೋಚಕರ ಬಳಿಗೆ ಅವಳೇ ಹೋದಳು. ಅವರ ಮೂಲಕ ಆಹಾರತಜ್ಞರನ್ನೂ ಕಂಡಳು. ರಾತ್ರಿ ಫೋನನ್ನು ಮಂಚದಿಂದ ದೂರ ಚಾರ್ಜಿಗೆ ಹಾಕುವ ನಿಯಮವನ್ನು ಅವಳೇ ಮಾಡಿಕೊಂಡಳು, ಒಮ್ಮೊಮ್ಮೆ ಮುರಿಯುತ್ತಾಳೆ ಕೂಡ. ತುಮಕೂರಿನಲ್ಲಿರುವ ಅವಳ ಅಜ್ಜಿ ಈಗ ‘ಊಟ ಆಯ್ತಾ?’ ಎನ್ನುವ ಬದಲು ‘ಇವತ್ತು ಯಾರ ಜೊತೆ ಕೂತು ಉಂಡೆ, ಪುಟ್ಟಿ?’ ಎಂದು ಕೇಳುತ್ತಾರೆ. ಅದಕ್ಕೆ ‘ಆಯ್ತು’ ಎಂದು ಹೇಳಿ ಮುಗಿಸಲು ಬರುವುದಿಲ್ಲ.