ಮರು: 'ಗ್ರೂಮಿಂಗ್'ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಅಚ್ಚಿಗೆ ಹೋಗಬೇಕು)

ಉತ್ತರ ಬರೆದ ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ಮಕ್ಕಳ ನಂಬಿಕೆ ಗಳಿಸಿ ದೌರ್ಜನ್ಯ ಮಾಡುವ 'ಗ್ರೂಮಿಂಗ್' ಬಗ್ಗೆ ಎಚ್ಚರಿಸುವ ಪೋಸ್ಟರ್ ಇದು. ಓದುವವರು ಹತ್ತರಿಂದ ಹದಿನೈದು ವರ್ಷದ ಮಕ್ಕಳು. ದಯವಿಟ್ಟು ಅದನ್ನು ಮರೀಬೇಡಿ.

> 'ಅಂದಗೊಳಿಸುವಿಕೆ' ನಿಘಂಟಿನಲ್ಲೇ ಇದೆ. ಮತ್ತೇನು ಚರ್ಚೆ?

ಅದು ತಲೆ ಬಾಚುವುದಕ್ಕೆ, ಕುದುರೆಯ ಮೈ ತಿಕ್ಕುವುದಕ್ಕೆ. ಇಲ್ಲಿ ನಡೆಯುವುದೇ ಬೇರೆ. ಯಾರೋ ಒಬ್ಬ ದೊಡ್ಡವನು ಗೇಮ್‌ನಲ್ಲೋ ಚಾಟ್‌ನಲ್ಲೋ ಮಗುವಿನ ಗೆಳೆತನ ಬೆಳೆಸುತ್ತಾನೆ, ಹೊಗಳುತ್ತಾನೆ, ಗೇಮ್‌ನಲ್ಲಿ ಬೇಕಾದ್ದನ್ನು ಕೊಡಿಸುತ್ತಾನೆ, ಅಪ್ಪ ಅಮ್ಮನ ಮೇಲಿನ ಸಿಟ್ಟನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಳ್ಳುತ್ತಾನೆ, ಆಮೇಲೆ ಬೇರೆ ಆ್ಯಪ್‌ಗೆ ಕರೆದು 'ಇದು ನಮ್ಮಿಬ್ಬರ ಗುಟ್ಟು' ಅನ್ನುತ್ತಾನೆ. ಫೋಟೊ ಕೇಳುವುದು, ಬೆದರಿಸುವುದು ಎಲ್ಲ ಅದಾದ ಮೇಲೆ. ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯಬಹುದು.

> 'ಪುಸಲಾಯಿಸು' ಹಿಂದಿ, ಮರಾಠಿ ಕಡೆಯದು, ಬೇಡ. 'ಪಳಗಿಸು' ಅಚ್ಚಗನ್ನಡ. ಮುಗೀತು.

ಮುಗೀಲಿಲ್ಲ. 'ಪಳಗು' ತಮಿಳಿನಲ್ಲೂ ಇದೆ, ಅಲ್ಲಿ ಒಡನಾಡುವುದು ಅನ್ನುವ ಅರ್ಥವೂ ಉಂಟು, ಒಪ್ಪಿದೆ. ಆದರೆ ಇವತ್ತಿನ ಕನ್ನಡದಲ್ಲಿ ನಾವು ಪಳಗಿಸುವುದು ಪ್ರಾಣಿಗಳನ್ನು. ಪಳಗಿದವರು ಅಂದರೆ ನುರಿತವರು. ಇದನ್ನೆಲ್ಲ ಅನುಭವಿಸಿದ ಹುಡುಗಿ ಪೋಸ್ಟರ್ ಓದಿ ತನ್ನನ್ನು 'ಪಳಗಿದವಳು' ಅಂದುಕೊಳ್ಳಬೇಕಾ? 'ಪುಸಲಾಯಿಸು' ಎಲ್ಲಿಂದ ಬಂದಿದ್ದರೂ ನನಗೆ ತಕರಾರಿಲ್ಲ. ನೀವೇ ಮೊದಲು ಇನ್ನೊಂದು ಪದವಾಗಿ ಸೂಚಿಸಿದ್ದ 'ಆಮಿಷ' ಸಂಸ್ಕೃತದ್ದಲ್ವಾ? ನನ್ನ ತೊಂದರೆ ಬೇರೆ. ಊಟ ಮಾಡಿಸಲು ಅಮ್ಮನೂ ಮಗುವನ್ನು ಪುಸಲಾಯಿಸುತ್ತಾಳೆ. ಆ ಪದದಲ್ಲಿ ಮಗುವಿಗೆ ಅಪಾಯ ಕೇಳಿಸುವುದಿಲ್ಲ.

> ಸುಮ್ನೆ 'ಬಲೆಗೆ ಬೀಳುವುದು' ಅನ್ನಿ.

'ಬಿದ್ದರು' ಅಂದ ತಕ್ಷಣ ತಪ್ಪು ಬಿದ್ದವರದ್ದಾಗುತ್ತದೆ. 'ಇಸು' ಹಚ್ಚಿ ನೋಡಿ. ಬೀಳಿಸುವುದು. ಈಗ ಬೀಳಿಸಿದವನೊಬ್ಬ ಇದ್ದಾನೆ ಅಂತಾಯಿತು. ಇದು ಬರೀ ವ್ಯಾಕರಣದ ಹಟ ಅಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಬರೆಯುವಾಗ ಯಾವ ಪದ ಬಳಸಬೇಕು ಅಂತಲೇ 2016ರಲ್ಲಿ ಲಕ್ಸೆಂಬರ್ಗ್ ಮಾರ್ಗಸೂಚಿ ಬಂತು. 'ಮಕ್ಕಳ ಅಶ್ಲೀಲ ಚಿತ್ರ' ಅನ್ನುವ ಬದಲು 'ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರ' ಅನ್ನುವುದು ಮೇಲು ಅನ್ನುತ್ತದೆ ಅದು. ನಡೆದದ್ದು ದೌರ್ಜನ್ಯ ಅನ್ನುವುದು ಪದದಲ್ಲೇ ಕಾಣಬೇಕು.

ಹಾಗಾಗಿ ನಾನು ಹಾಕುತ್ತಿರುವುದು 'ನಂಬಿಸಿ ಬಲೆಗೆ ಬೀಳಿಸುವುದು'. ಉದ್ದ ಆಯಿತು, ಗೊತ್ತು. 'ನಂಬಿಸಿ' ಬಿಟ್ಟರೆ ಮಾತ್ರ ಅರ್ಥವೇ ಹೋಗುತ್ತದೆ. ಕೆಳಗೆ ಚಿಕ್ಕದಾಗಿ 'ಗ್ರೂಮಿಂಗ್' ಅಂತಲೂ ಇರಲಿ, ಮಕ್ಕಳು ಆ ಪದವನ್ನು ಬೇರೆ ಕಡೆ ನೋಡಿದಾಗ ಗುರುತು ಹತ್ತಬೇಕು. ಎರವಲು ಪದದ ಜಗಳ ಇನ್ನೊಂದು ದಿನ ಆಡೋಣ.

ಈಗ ಎರಡನೇ ಸಾಲಿಗೆ ಸಹಾಯ ಬೇಕು. 'ಯಾರಾದರೂ ಗುಟ್ಟಾಗಿಡು ಅಂತ ಹೇಳಿದರೆ ನೀನು ನಂಬುವ ದೊಡ್ಡವರಿಗೆ ಹೇಳು. ಚಾಟ್ ಅಳಿಸಬೇಡ. ತಪ್ಪು ನಿನ್ನದಲ್ಲ.' ಬರೆದ ಮೇಲೆ ಹೊಳೆಯಿತು, ಮಗು ನಂಬಿರುವ ದೊಡ್ಡವನು ಅವನೇ ಆಗಿರಬಹುದಲ್ಲ! 'ಮನೆಯವರಿಗೋ ಟೀಚರ್‌ಗೋ' ಅನ್ನಲೇ? ರಾತ್ರಿಯೊಳಗೆ ಹೇಳಿದರೆ ಉಪಕಾರ.