ಸಿನಿಮಾ ಹಾಡುಗಳ ಆಚೆ ಏನು ಕೇಳಲಿ? ಒಂದು ಪ್ರಕಾರಕ್ಕೆ ಒಂದೇ ಹಾಡು ಹೇಳಿ

ನಾಗಸಂದ್ರದ ಪ್ರಯಾಣಿಕೆ:

ಎಲ್ಲರಿಗೂ ನಮಸ್ಕಾರ. ದಿನವೂ ನಾಗಸಂದ್ರದಿಂದ ಜಯನಗರಕ್ಕೆ ಮೆಟ್ರೊದಲ್ಲಿ ಕೆಲಸಕ್ಕೆ ಹೋಗುತ್ತೇನೆ. ಹೋಗುವಾಗಲೂ ಬರುವಾಗಲೂ ಕಿವಿಯಲ್ಲಿ ಹಾಡು ಇರಲೇಬೇಕು. ನಾನು ಕೇಳಿ ಬೆಳೆದದ್ದೆಲ್ಲ ಸಿನಿಮಾ ಹಾಡು. ರಾಜನ್–ನಾಗೇಂದ್ರ, ಹಂಸಲೇಖ, ಇಳಯರಾಜ ಇವರ ಹಾಡಾದರೆ ಆರಂಭದ ವಾದ್ಯ ಕೇಳಿದೊಡನೆ ಯಾವುದೆಂದು ಹೇಳಬಲ್ಲೆ. ಆ ಪ್ರೀತಿ ಇವತ್ತಿಗೂ ಹಾಗೆಯೇ ಇದೆ. ಆದರೆ ಹಿಂದೂಸ್ತಾನಿ, ಕರ್ನಾಟಕ ಸಂಗೀತ, ಜಾನಪದ, ಯಕ್ಷಗಾನ, ರಾಕ್ ಇವುಗಳ ಹೊಸ್ತಿಲು ದಾಟಲು ಆಗುತ್ತಿಲ್ಲ. ಹಿಂದೂಸ್ತಾನಿಯ ಖಯಾಲ್ ಗಾಯನವೊಂದನ್ನು ಹಾಕಿಕೊಂಡರೆ ಯಶವಂತಪುರ ಬರುವಷ್ಟರಲ್ಲಿ ಮನಸ್ಸು ಕಚೇರಿಯ ಕೆಲಸಕ್ಕೆ ಜಾರಿರುತ್ತದೆ.

ನೂರು ಹಾಡುಗಳ ಪಟ್ಟಿ ಬೇಡ. ನಿಮಗೆ ಜೀವದಷ್ಟು ಪ್ರಿಯವಾದ ಒಂದೊಂದೇ ಹಾಡು ಹೇಳಿ. ಅದರಲ್ಲಿ ಎಲ್ಲಿ ಕಿವಿಗೊಡಬೇಕು ಎಂಬುದನ್ನೂ ತಿಳಿಸಿದರೆ ಉಪಕಾರ.

ಧಾರವಾಡದ ಅಂಗಡಿಯವ:

ತಂಗಿ, ನನ್ನದು ನ್ಯಾಯಾಲಯದ ಹತ್ತಿರ ಝೆರಾಕ್ಸ್ ಅಂಗಡಿ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಸಂಜೆಯವರೆಗೆ ಯಂತ್ರದ ಸದ್ದಿನ ಜೊತೆಗೆ ಹಾಡೂ ನಡೆದಿರುತ್ತದೆ. ನಾನು ಸಂಗೀತ ಕಲಿತವನಲ್ಲ, ಕೇಳಿದವನು. ನನ್ನ ಮಾತು ಒಂದೇ: ಯಾವ ಪ್ರಕಾರವಾದರೂ ಮೊದಲು ಕನ್ನಡದ ಸಾಹಿತ್ಯವಿರುವ ಹಾಡನ್ನೇ ಹಿಡಿಯಿರಿ. ರಾಗ ತಿಳಿಯದಿದ್ದರೂ ಮಾತು ಕೈ ಹಿಡಿದು ಒಳಗೆ ಕರೆದೊಯ್ಯುತ್ತದೆ. ಆಮೇಲೆ ಮಾತು ಕೈ ಬಿಟ್ಟರೂ ನೀವು ನಡೆಯುತ್ತೀರಿ.

ಹಿಂದೂಸ್ತಾನಿಗೆ ನನ್ನ ಹಾಡು ಮಲ್ಲಿಕಾರ್ಜುನ ಮನಸೂರರು ಹಾಡಿದ ಅಕ್ಕಮಹಾದೇವಿಯ ವಚನ, ‘ಅಕ್ಕ ಕೇಳವ್ವಾ ನಾನೊಂದು ಕನಸ ಕಂಡೆ’. ಕನಸಿನಲ್ಲಿ ಅಕ್ಕಿ, ಅಡಕೆ, ತೆಂಗಿನಕಾಯಿ ಕಂಡವು, ಚಿಕ್ಕ ಚಿಕ್ಕ ಜಡೆಗಳ ಗೊರವನೊಬ್ಬ ಭಿಕ್ಷಕ್ಕೆ ಬಂದ, ಮೀರಿ ಹೊರಟವನ ಬೆನ್ನು ಹತ್ತಿ ಕೈ ಹಿಡಿದೆ ಎನ್ನುತ್ತಾಳೆ ಅಕ್ಕ. ಎಲ್ಲವೂ ಮನೆಯ ಮಾತು. ಮನಸೂರರು ಅದನ್ನು ಪದ್ಯ ಓದಿದಂತೆ ಹಾಡಿ ಮುಗಿಸುವುದಿಲ್ಲ. ಆ ‘ಕೇಳವ್ವಾ’ ಎಂಬ ಕರೆಯನ್ನು ಗಮನಿಸಿ. ಅಂಗಲಾಚುವುದೂ ಅಲ್ಲ, ಜಂಬವೂ ಅಲ್ಲ. ತಡೆದುಕೊಳ್ಳಲಾಗದ ಸುದ್ದಿಯನ್ನು ತಂದವಳ ಅವಸರ ಅದು. ಒಮ್ಮೆ ಇದು ನಡೆದಿದ್ದಾಗ ಪಹಣಿಯ ಪ್ರತಿ ತೆಗೆಸಲು ಬಂದ ಹಿರಿಯರೊಬ್ಬರು ಕಾಗದವನ್ನು ಕೈಯಲ್ಲೇ ಹಿಡಿದು ನಿಂತರು. ‘ಕಣ್ದೆರೆದೆನು’ ಎಂಬಲ್ಲಿಗೆ ಬರುವ ಮೊದಲೇ ಅವರು ಮೆಲ್ಲಗೆ ಆ ಸಾಲನ್ನು ತಾವೇ ಹೇಳಿದರು. ಹಾಡು ಮುಗಿದ ಮೇಲೆ ‘ಇನ್ನೊಮ್ಮೆ ಹಚ್ಚು’ ಎಂದರು. ಸಾಲಿನಲ್ಲಿ ನಿಂತಿದ್ದ ಯಾರೂ ಬೇಡವೆನ್ನಲಿಲ್ಲ.

ಇದು ಹಿಡಿಸಿದರೆ ಅದೇ ಕಂಠದ ಬಸಂತಿ ಕೇದಾರ ರಾಗದ ‘ಅತರ ಸುಗಂಧ’ ಬಂದಿಶ್ (ರಾಗದಲ್ಲಿ ಕಟ್ಟಿದ ರಚನೆ) ಕೇಳಿ. ಮನಸೂರರದು ಜೈಪುರ–ಅತ್ರೌಲಿ ಘರಾಣೆ, ಅಂದರೆ ಗಾಯನ ಪರಂಪರೆ. ಅಪರೂಪದ ಜೋಡು ರಾಗಗಳು ಆ ಘರಾಣೆಯ ಸ್ವತ್ತು. ಇಲ್ಲಿ ಬಸಂತ ಮತ್ತು ಕೇದಾರ ಎರಡೂ ಇವೆ, ನಡುವಿನ ಹೊಲಿಗೆ ಮಾತ್ರ ಕಾಣುವುದಿಲ್ಲ. ಉದ್ದನೆಯ ಆಲಾಪದಿಂದ (ನಿಧಾನವಾದ ರಾಗವಿಸ್ತಾರ) ಕಾಯಿಸದೆ ಬಂದಿಶ್‌ಗೆ ಬೇಗ ಬರುವುದರಿಂದ ಹೊಸಬರಿಗೆ ಇದು ಒಳ್ಳೆಯದು.

ರಾಕ್‌ಗೆ ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಇದೆ. ಒಡಲನ್ನೇ ಗುಡುಗುಡಿ ಮಾಡಿ, ಮನಸ್ಸನ್ನು ಸಂಚಿ ಮಾಡಿ ಬರೆದ ತತ್ವಪದ ಅದು. ಶರೀಫರು 1889ರಲ್ಲಿ ತೀರಿಕೊಂಡವರು. ಗಿಟಾರು, ಡ್ರಮ್ಸುಗಳ ನಡುವೆ ಅವರ ಮಾತು ಮುಕ್ಕಾಗದೆ ನಿಂತಿದೆ. ಇದನ್ನು ಕೇಳಿದ ಮೇಲೆ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಿ. ಅಶ್ವತ್ಥ್ ಮಾಡಿದ ಹಾಡುಗಳಿಗೆ ಹೋಗಿ. ಅಶ್ವತ್ಥರ ಧ್ವನಿ ಒರಟು, ಎತ್ತರಕ್ಕೆ ಏರಿದಾಗ ಕಂಠ ಬಿರಿಯಿತೇನೋ ಅನಿಸುತ್ತದೆ. ಶರೀಫರಿಗೆ ನಯವಾದ ಕಂಠ ಒಗ್ಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭಾವಗೀತೆಗೆ ‘ಕಾಡು ಕುದುರೆ’. ಚಂದ್ರಶೇಖರ ಕಂಬಾರರ ರಚನೆ, ಅವರದೇ ಸಿನಿಮಾ. ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಹೆಚ್ಚು ವಿವರಣೆ ಬೇಡ, ಹಾಕಿಕೊಳ್ಳಿ, ಅದೇ ಓಡುತ್ತದೆ.

ಕುಂದಾಪುರದ ಕಡೆಯವನು:

ಯಕ್ಷಗಾನದ ಬಗ್ಗೆ ನಾನು ಹೇಳುತ್ತೇನೆ. ಭಾಗವತ (ಯಕ್ಷಗಾನದ ಹಾಡುಗಾರ) ಗುಂಡ್ಮಿ ಕಾಳಿಂಗ ನಾವಡರ ‘ನೀಲ ಗಗನದೊಳು ಮೇಘಗಳ ಕಂಡಾಗಲೇ’. ನಾವಡರು 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಇನ್ನೂ ಮೂವತ್ತರ ಆಸುಪಾಸಿನ ವಯಸ್ಸು. ನಮ್ಮ ಕಡೆ ಇವತ್ತಿಗೂ ಅವರ ಧ್ವನಿಮುದ್ರಿಕೆ ಹಾಕಿದರೆ ಮಾತು ನಿಲ್ಲುತ್ತದೆ. ಇಯರ್‌ಫೋನಿನಲ್ಲಿ ಕೇಳುವಾಗ ಪದ್ಯದ ಜೊತೆಗೆ ಮದ್ದಳೆಯನ್ನೂ ಹಿಂಬಾಲಿಸಿ. ಭಾಗವತರು ಪದವನ್ನು ಹಿಗ್ಗಿಸಿದಲ್ಲಿ ಮದ್ದಳೆ ಕಾಯುತ್ತದೆ, ಬಿಟ್ಟುಕೊಟ್ಟಲ್ಲಿ ಮುನ್ನುಗ್ಗುತ್ತದೆ. ಈ ಪದ್ಯಕ್ಕೆ ಕುಣಿತವೂ ಇದೆಯೆಂಬುದನ್ನು ಮರೆಯಬೇಡಿ. ನವಿಲಿನ ಮಾತು ಬಂದಾಗ ರಂಗದಲ್ಲಿ ಕಾಲು ಹೇಗೆ ಬೀಳುತ್ತಿತ್ತೆಂದು ಊಹಿಸಿಕೊಂಡರೆ ಲಯ ತಾನಾಗಿ ತಿಳಿಯುತ್ತದೆ.

ಮೈಸೂರಿನ ವೀಣೆಯ ವಿದ್ಯಾರ್ಥಿನಿ:

ಅಂಗಡಿಯ ಅಣ್ಣನವರ ಮಾತನ್ನು ಅರ್ಧ ಒಪ್ಪುತ್ತೇನೆ. ಕರ್ನಾಟಕ ಸಂಗೀತಕ್ಕೆ ನಾನೂ ಕನ್ನಡದ ಕೃತಿಯನ್ನೇ ಸೂಚಿಸುತ್ತೇನೆ: ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’, ಯಮುನಾಕಲ್ಯಾಣಿ ರಾಗ. ‘ಬೇಗನೆ’ ಎನ್ನುವ ಈ ಹಾಡನ್ನು ನಿಧಾನವಾಗಿ ಹಾಡಿದಷ್ಟೂ ಚೆಂದ. ತಾಯಿ ಕರೆಯುತ್ತಿದ್ದಾಳೆ, ಮಗು ಬರುತ್ತಿಲ್ಲ, ಕಾಯುವ ಆ ಹೊತ್ತೇ ಹಾಡು. ನೃತ್ಯಗಾರ್ತಿ ಬಾಲಸರಸ್ವತಿ ಕಡಲ ದಂಡೆಯಲ್ಲಿ ಇದಕ್ಕೆ ಅಭಿನಯಿಸುವುದನ್ನು ಸತ್ಯಜಿತ್ ರಾಯ್ ತಮ್ಮ ‘ಬಾಲ’ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದಿದ್ದಾರೆ, ಸಿಕ್ಕರೆ ನೋಡಿ. ಪಾಪ್ ಕೂಡ ಬೇಕೆಂದರೆ ಹರಿಹರನ್ ಮತ್ತು ಲೆಸ್ಲಿ ಲೂಯಿಸ್ 1996ರ ‘ಕಲೋನಿಯಲ್ ಕಸಿನ್ಸ್’ ಆಲ್ಬಂನಲ್ಲಿ ಇದೇ ಪಲ್ಲವಿಯನ್ನು ಇಂಗ್ಲಿಷ್ ಸಾಲುಗಳ ಜೊತೆ ಬೆಸೆದಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ.

ಒಪ್ಪದ ಅರ್ಧ ಇದು: ಸಾಹಿತ್ಯಕ್ಕೇ ಜೋತುಬಿದ್ದರೆ ಕಿವಿ ರಾಗಕ್ಕೆ ತೆರೆಯುವುದು ತಡವಾಗುತ್ತದೆ. ಆದ್ದರಿಂದ ಮಾತೇ ಇಲ್ಲದ ಒಂದನ್ನು ಮೊದಲ ವಾರದಲ್ಲೇ ಕೇಳಿಬಿಡಿ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನಿನಲ್ಲಿ ಕದನಕುತೂಹಲ ರಾಗದ ‘ರಘುವಂಶ ಸುಧಾ’. ಕದ್ರಿಯವರು ಈ ವಾದ್ಯಕ್ಕೆ ಮನಸೋತದ್ದು ನಮ್ಮ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿ. ನಮ್ಮ ಸಂಗೀತದ ಗಮಕಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕು, ತೂಗಬೇಕು. ವೀಣೆಯಲ್ಲಿ ತಂತಿಯನ್ನು ಎಳೆದು ನಾವು ಅದನ್ನು ಸಾಧಿಸುತ್ತೇವೆ. ಕೀಲಿಗಳಿರುವ ಸ್ಯಾಕ್ಸೊಫೋನಿನಲ್ಲಿ ಅದು ಸುಲಭವಲ್ಲ. ಉಸಿರು ಮತ್ತು ತುಟಿಯ ಹಿಡಿತದಿಂದ ಅವರು ಅದನ್ನು ಪಳಗಿಸಿದರು. ಬೆಳಗಿನ ಮೆಟ್ರೊಗೆ ಇದಕ್ಕಿಂತ ಹುರುಪಿನದು ಬೇಕಿಲ್ಲ.

ನಾಗಸಂದ್ರದ ಪ್ರಯಾಣಿಕೆ:

ಎಲ್ಲರಿಗೂ ಕೃತಜ್ಞತೆ. ‘ರಘುವಂಶ ಸುಧಾ’ ಮೊದಲ ಸಲಕ್ಕೇ ಹಿಡಿಸಿತು. ‘ಅಕ್ಕ ಕೇಳವ್ವಾ’ ಕೇಳುತ್ತಾ ಇಳಿಯಬೇಕಾದ ನಿಲ್ದಾಣ ಬಂದರೂ ಏಳಲು ಮನಸ್ಸಾಗಲಿಲ್ಲ. ‘ಅತರ ಸುಗಂಧ’ ಮಾತ್ರ ಇನ್ನೂ ಒಲಿದಿಲ್ಲ. ವೇಗದ ಸ್ವರಗಳ ಓಟ, ಆ ತಾನ್‌ಗಳು, ಬಂದಾಗ ದಾರಿ ತಪ್ಪಿದ ಹಾಗಾಗುತ್ತದೆ. ಇನ್ನೊಂದು ವಿಷಯ, ಜಾನಪದದ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ಧಾರವಾಡದ ಅಂಗಡಿಯವ:

ತಾನ್‌ಗಳನ್ನು ಎಣಿಸಲು ಹೋಗಬೇಡಿ ತಂಗಿ. ಪ್ರತಿ ಸುತ್ತಿನ ಕೊನೆಗೆ ಅವರು ‘ಅತರ ಸುಗಂಧ’ ಎಂಬ ಮುಖಡಾಕ್ಕೆ, ಅಂದರೆ ಹಾಡಿನ ಮೊದಲ ಸಾಲಿನ ಆರಂಭಕ್ಕೆ, ಮರಳುತ್ತಾರೆ. ತಬಲಾದ ಸಮ್, ಅಂದರೆ ತಾಳದ ಮೊದಲ ಪೆಟ್ಟು, ಅಲ್ಲಿ ಬೀಳುತ್ತದೆ. ಸದ್ಯಕ್ಕೆ ಆ ಮರಳುವಿಕೆಯನ್ನಷ್ಟೇ ಕಾಯಿರಿ. ಎಲ್ಲಿಗೆ ಹೋದರೂ ಸರಿಯಾಗಿ ಅಲ್ಲಿಗೇ ಬಂದು ಇಳಿಯುವುದು ಕಿವಿಗೆ ಸಿಕ್ಕಿತೆಂದರೆ ನಡುವಿನದು ತಾನೇ ಬಿಡಿಸಿಕೊಳ್ಳುತ್ತದೆ. ಆಗಲೂ ಒಲಿಯದಿದ್ದರೆ ಒತ್ತಾಯ ಬೇಡ, ವಚನವನ್ನೇ ಕೇಳುತ್ತಿರಿ.

ಕೊಳ್ಳೇಗಾಲದವಳು:

ಜಾನಪದಕ್ಕೆ ನಮ್ಮೂರ ಸೀಮೆಯ ಹಾಡು, ಮಾದಪ್ಪನ (ಮಲೆ ಮಹದೇಶ್ವರ) ‘ಸೋಜುಗದ ಸೂಜುಮಲ್ಲಿಗೆ’. ಅನನ್ಯಾ ಭಟ್ ಹಾಡಿದ್ದನ್ನು ನೀವು ಕೇಳಿಯೇ ಇರುತ್ತೀರಿ. 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಚೈತ್ರಾ ಆಚಾರ್ ಹಾಡಿದ್ದೂ ಇದೆ. ಎರಡೂ ಸೊಗಸು. ಆದರೆ ಮಾದಪ್ಪನ ಭಕ್ತ ಗಾಯಕರಾದ ದೇವರ ಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ ಹಾಡುಗಳನ್ನು ಕೇಳದೆ ಅಲ್ಲಿಗೇ ನಿಲ್ಲಿಸಬೇಡಿ. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದರಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕುಣಿಯುತ್ತ, ತಾಳವನ್ನು ಬೀಸುತ್ತ ಹಾಡಬೇಕು, ಪದ ತಪ್ಪಬಾರದು. ಒಬ್ಬರು ಸಾಲು ಎತ್ತಿದರೆ ಉಳಿದವರು ಸೊಲ್ಲು ಹಿಡಿಯುತ್ತಾರೆ. ಕಂಸಾಳೆ ಮಹದೇವಯ್ಯನವರ ಧ್ವನಿಮುದ್ರಿಕೆಗಳಿಂದ ಶುರು ಮಾಡಿ. ಸಾಧ್ಯವಾದರೆ ಶಿವರಾತ್ರಿಗೋ ಯುಗಾದಿಗೋ ಮಲೆ ಮಹದೇಶ್ವರ ಬೆಟ್ಟಕ್ಕೆ ಬನ್ನಿ. ಆ ಜಾತ್ರೆಗಳಲ್ಲಿ ರಾತ್ರಿಯೆಲ್ಲ ಹಾಡು ಇರುತ್ತದೆ, ಇಯರ್‌ಫೋನು ಬೇಕಾಗುವುದಿಲ್ಲ.