ಅಪ್‌ಡೇಟ್: ರೈಡ್ ಕಾರ್ಡಿನ ಡಿವಿಡಿ ಡ್ರೈವ್ ಸರಿಹೋಯ್ತು

ಮಂಡ್ಯದ ನಮ್ಮ ಫೋಟೋ ಸ್ಟುಡಿಯೋ ಸರ್ವರ್‌ನಲ್ಲಿ, ರೈಡ್ (RAID, ಹಲವು ಹಾರ್ಡ್ ಡಿಸ್ಕ್‌ಗಳನ್ನ ಒಟ್ಟಾಗಿ ನಡೆಸೋ) ಕಾರ್ಡಿಗೆ ಸಿಗಿಸಿದ ಡಿವಿಡಿ ಡ್ರೈವ್ ಲಿನಕ್ಸ್‌ಗೆ ಕಾಣ್ತಿಲ್ಲ ಅಂತ ಕೇಳಿದ್ದೆನಲ್ಲ, ಈಗ ಕೆಲಸ ಮಾಡ್ತಿದೆ. ಗುಂಡಿ ಒತ್ತಿದ್ರೆ ಟ್ರೇ ಈಚೆ ಬರ್ತಿತ್ತು, ಆದ್ರೆ ಅದಕ್ಕೆ ಪವರ್ ಒಂದಿದ್ರೆ ಸಾಕು, ಡ್ರೈವ್ ಲಿನಕ್ಸ್‌ಗೆ ಕಾಣ್ತಿದೆ ಅಂತೇನಲ್ಲ. ಬೂಟ್ ಲಾಗ್‌ನಲ್ಲಿ (ಸರ್ವರ್ ಶುರುವಾಗೋವಾಗಿನ ದಾಖಲೆ) ಹಾರ್ಡ್ ಡಿಸ್ಕ್‌ಗಳ ಅರೇ (ರೈಡ್ ಒಟ್ಟುಗೂಡಿಸಿದ ಗುಂಪು) ಇತ್ತು, ಡಿವಿಡಿಯ ಸುಳಿವೇ ಇಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಗ್ರೇಡ್ ಮಾಡಿ ಅಂದ್ರು ಕೆಲವರು, ಪ್ರಯೋಜನ ಆಗಲಿಲ್ಲ. ಆಗೋದೂ ಇಲ್ಲ: ಡಿವಿಡಿ ಡ್ರೈವ್‌ಗೆ ಬೇಕಾದ್ದು ಅಟಾಪಿ (ATAPI) ಅನ್ನೋ ಬೇರೆ ಬಗೆಯ ಕಮಾಂಡ್‌ಗಳು, ಈ ಕಾರ್ಡಿನ ಫರ್ಮ್‌ವೇರ್ (ಕಾರ್ಡಿನೊಳಗಿನ ಸಾಫ್ಟ್‌ವೇರ್) ಅವನ್ನ ದಾಟಿಸೋದೇ ಇಲ್ಲ.

ಕೇಬಲ್ ಕಿತ್ತು ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ಹಾಕಿ, ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ಸ್) ಎಎಚ್‌ಸಿಐ ಮೋಡ್ (AHCI, ರೈಡ್ ಇಲ್ಲದ ಸಾಮಾನ್ಯ ಸಾಟಾ ಮೋಡ್) ಇಟ್ಟೆ. ಎಸ್‌ಆರ್ ಜೀರೋ (sr0, ಡಿವಿಡಿ ಡ್ರೈವ್‌ಗೆ ಲಿನಕ್ಸ್ ಕೊಡೋ ಹೆಸರು) ತಕ್ಷಣ ಬಂತು. ಹಳೇ ಮದುವೆ ಡಿವಿಡಿಗಳೆಲ್ಲ ಕಾಪಿ ಆಗ್ತಿವೆ. ಮದರ್‌ಬೋರ್ಡಿನ ರೈಡನ್ನೇ ಬಳಸೋರು ಮಾತ್ರ ಮೋಡ್ ಬದಲಿಸೋ ಮುಂಚೆ ಬ್ಯಾಕಪ್ ತಗೊಳ್ಳಿ, ಅರೇ ಕಾಣದೇ ಹೋಗಬಹುದು.